ಡೆಂಟಲ್ ಚೇರನ್ನು ಕೆಳಗಿನಿಂದ ಮೇಲಕ್ಕೆ ನೋಡಿ: ಹೊಸದಾಗಿ ಕ್ಲಿನಿಕ್ ತೆರೆಯುವವರಿಗೆ

ಶೋರೂಮಿಗೆ ಹೋದ ಹೊಸ ಡಾಕ್ಟರು ಮೊದಲು ಮುಟ್ಟಿ ನೋಡುವುದು ಸೀಟಿನ ಮೆತ್ತೆ, ಮೊದಲು ಕೇಳುವುದು ಬಣ್ಣ. ಐದು ವರ್ಷ ಬಿಟ್ಟು ಅವರ ಕ್ಲಿನಿಕ್ಕಿಗೆ ಹೋದರೆ ದೂರುಗಳೇ ಬೇರೆ: ಸಕ್ಷನ್ ಎಳೆಯುತ್ತಿಲ್ಲ, ಚೇರಿನ ಬುಡದಲ್ಲಿ ನೀರು ಸೋರುತ್ತಿದೆ, ಬೋರ್ಡು ಸುಟ್ಟಿದೆ, ಎಂಜಿನಿಯರ್ ಫೋನ್ ಎತ್ತುತ್ತಿಲ್ಲ. ಜೊತೆಗೆ ಡಾಕ್ಟರಿಗೇ ಕುತ್ತಿಗೆ ನೋವು. ಚೇರಿನ ತೊಂದರೆಗಳು ಬಹುಪಾಲು ಹುಟ್ಟುವುದು ಬುಡದಲ್ಲಿ, ಗಾಳಿ, ನೀರು, ಡ್ರೈನ್, ಕರೆಂಟ್ ಬಂದು ಸೇರುವ ಜಾಗದಲ್ಲಿ. ಅದಕ್ಕೇ ಈ ಬರಹ ನೆಲದಿಂದ ಶುರುವಾಗಿ ಮೆತ್ತೆಗೆ ಕೊನೆಯಲ್ಲಿ ಬರುತ್ತದೆ. ಅದಕ್ಕೂ ಮೊದಲು ಸ್ವಲ್ಪ ಇತಿಹಾಸ. ಈ ಚೇರಿಗೆ ಇಂದಿನ ಆಕಾರ ಯಾಕೆ ಬಂತೆಂದು ತಿಳಿದವರನ್ನು ಡೀಲರ್ ಅಷ್ಟು ಸುಲಭವಾಗಿ ಯಾಮಾರಿಸಲಾರ.

ಕುರ್ಚಿ ಮಲಗಿದ್ದು ಹೇಗೆ

ಅಮೆರಿಕದ ಜೋಸೈಯಾ ಫ್ಲ್ಯಾಗ್ 1790ರ ಸುಮಾರಿಗೆ ಮರದ ವಿಂಡ್ಸರ್ ಕುರ್ಚಿಯೊಂದಕ್ಕೆ ತಲೆ ಒರಗಿಸುವ ದಿಂಬು ಜೋಡಿಸಿ, ಒಂದು ಕೈಯನ್ನು ಅಗಲ ಮಾಡಿ ಅದರ ಮೇಲೆ ಸಲಕರಣೆ ಇಟ್ಟುಕೊಂಡ. ಟ್ರೇ ಮತ್ತು ಹೆಡ್‌ರೆಸ್ಟ್ ಎರಡೂ ಅವತ್ತೇ ಬಂದವು ಅನ್ನಬಹುದು. 1832ರಲ್ಲಿ ಲಂಡನ್ನಿನ ಜೇಮ್ಸ್ ಸ್ನೆಲ್ ಹಿಂದಕ್ಕೆ ಬಾಗುವ ಕುರ್ಚಿ ಮಾಡಿದ. 1868ರಲ್ಲಿ ಜೇಮ್ಸ್ ಮಾರಿಸನ್ ಏರಿಸಿ, ಇಳಿಸಿ, ವಾಲಿಸಬಹುದಾದ ಚೇರು ತಂದ. ಕಾಲಿನಲ್ಲಿ ತುಳಿದು ತಿರುಗಿಸುವ ಡ್ರಿಲ್ಲಿಗೆ 1871ರಲ್ಲಿ ಪೇಟೆಂಟ್ ಪಡೆದವನೂ ಇವನೇ. 1877ರ ವಿಲ್ಕರ್ಸನ್ ಚೇರಿನಲ್ಲಿ ಹೈಡ್ರಾಲಿಕ್ ಪಂಪ್ ಬಂತು.

ಇಷ್ಟೆಲ್ಲ ಆದರೂ ಮುಂದಿನ ಎಂಬತ್ತು ವರ್ಷ ರೋಗಿ ಕೂತೇ ಇದ್ದ, ಡಾಕ್ಟರು ನಿಂತೇ ಇದ್ದರು. ಬಾಯಲ್ಲಿ ತುಂಬಿದ ನೀರು, ರಕ್ತ, ಉಗುಳನ್ನು ರೋಗಿಯೇ ಬಗ್ಗಿ ಉಗುಳಬೇಕಿತ್ತು. ಮಲಗಿಸಿಬಿಟ್ಟರೆ ಅದೆಲ್ಲ ಗಂಟಲಿಗೆ ಇಳಿಯುತ್ತಿತ್ತು.

ಇದನ್ನು ಬದಲಿಸಿದ್ದು ಏರೋಟರ್. 1957ರಲ್ಲಿ ಜಾನ್ ಬೋರ್ಡನ್ ತಂದ ಗಾಳಿ ಟರ್ಬೈನಿನ ಹ್ಯಾಂಡ್‌ಪೀಸ್ (ಕೈಯಲ್ಲಿ ಹಿಡಿಯುವ ಡ್ರಿಲ್) ನಿಮಿಷಕ್ಕೆ ಮೂರು ಲಕ್ಷ ಸುತ್ತಿನವರೆಗೆ ತಿರುಗುತ್ತಿತ್ತು. ಆ ವೇಗದಲ್ಲಿ ಹಲ್ಲಿಗೆ ತಾಗಿದರೆ ಕಾವು ಏರಿ ಒಳಗಿನ ನರ ಸಾಯುತ್ತದೆ, ಹಾಗಾಗಿ ನೀರಿನ ಸ್ಪ್ರೇ ಅನಿವಾರ್ಯ. ಸ್ಪ್ರೇ ಬಿಟ್ಟರೆ ಬಾಯಿ ಕ್ಷಣದಲ್ಲಿ ತುಂಬುತ್ತದೆ, ಹಾಗಾಗಿ ಜೋರಾಗಿ ಎಳೆಯುವ ಸಕ್ಷನ್ ಬೇಕು. ನೀರನ್ನು ಸಕ್ಷನ್ನೇ ಎಳೆದುಕೊಂಡ ಮೇಲೆ ರೋಗಿ ಎದ್ದು ಕೂರುವ ಅಗತ್ಯವಿಲ್ಲ. ಮರುವರ್ಷವೇ, 1958ರಲ್ಲಿ, ಪೂರ್ತಿ ಮಲಗುವ ಚೇರು ಮಾರುಕಟ್ಟೆಗೆ ಬಂತು. ರೋಗಿ ಮಲಗಿದ, ಡಾಕ್ಟರು ಸ್ಟೂಲಿನ ಮೇಲೆ ಕೂತರು, ಪಕ್ಕಕ್ಕೆ ಸಹಾಯಕಿಯ ಸ್ಟೂಲೂ ಬಂತು. 1960ರ ದಶಕದಲ್ಲಿ ಅಮೆರಿಕದಲ್ಲಿ ಇದೇ ರೂಢಿಯಾಯಿತು. ನಮ್ಮ ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಶುರುವಾದದ್ದೂ ಅದೇ 1958ರಲ್ಲಿ.

ಅಂದರೆ ಗಾಳಿ, ನೀರು, ಸಕ್ಷನ್ ಈ ಮೂರರ ಲೆಕ್ಕ ತೀರಿದ ಮೇಲಷ್ಟೇ ಈ ಚೇರು ಹುಟ್ಟಿತು. ಕೊಳ್ಳುವಾಗಲೂ ಅದೇ ಕ್ರಮ ಹಿಡಿಯಿರಿ.

ಮೊದಲು ಕೋಣೆ, ಆಮೇಲೆ ಕ್ಯಾಟಲಾಗ್

ಮಳಿಗೆಗೆ ಅಡ್ವಾನ್ಸ್ ಕೊಡುವ ಮುಂಚೆಯೇ ಟೇಪ್ ಹಿಡಿದು ಹೋಗಿ. ಒಂದು ಚೇರಿಗೆ ಹತ್ತಡಿ ಉದ್ದ, ಹತ್ತಡಿ ಅಗಲ ಇದ್ದರೆ ನಿರಾಳ. ಪೂರ್ತಿ ಮಲಗಿಸಿದಾಗ ಚೇರು ಆರಡಿಗೂ ಹೆಚ್ಚು ಉದ್ದವಾಗುತ್ತದೆ, ತಲೆಯ ಹಿಂದೆ ನಿಮ್ಮ ಸ್ಟೂಲು ಸುತ್ತಾಡಲು ಎರಡು ಎರಡೂವರೆ ಅಡಿ ಬೇಕು. ಬಾಡಿಗೆ ಉಳಿಸಲು ಆ ಜಾಗ ನುಂಗಿದರೆ ಹನ್ನೆರಡು ಗಂಟೆಯ ಸ್ಥಾನದಲ್ಲಿ, ಅಂದರೆ ರೋಗಿಯ ತಲೆಯ ನೇರ ಹಿಂದೆ, ಕೂರುವುದನ್ನೇ ಮರೆಯಬೇಕು. ಪ್ರತಿ ಮೇಲ್ದವಡೆಯ ಹಲ್ಲಿಗೂ ಸೊಂಟ ತಿರುಚುತ್ತಾ ಕೂರಬೇಕಾಗುತ್ತದೆ.

ಮೊದಲ ಮಹಡಿಯಾದರೆ ಇನ್ನೊಂದು ಪ್ರಶ್ನೆ: ಪೈಪು ಎಲ್ಲಿ ಹೋಗುತ್ತದೆ? ಚೇರಿನ ಬುಡದ ಜಂಕ್ಷನ್ ಬಾಕ್ಸಿಗೆ ಗಾಳಿಯ ಲೈನು, ನೀರಿನ ಲೈನು, ಡ್ರೈನ್, ಸಕ್ಷನ್, ಕರೆಂಟ್ ಐದೂ ಬರಬೇಕು. ನೆಲ ಕೊರೆಯಲು ಕೆಳಗಿನವರು, ಕಟ್ಟಡದ ಮಾಲೀಕರು ಒಪ್ಪುತ್ತಾರೆಯೇ ಎಂದು ಮೊದಲೇ ಬಾಯಿಬಿಟ್ಟು ಕೇಳಿ. ಒಪ್ಪದಿದ್ದರೆ ನಾಲ್ಕೈದು ಇಂಚು ಎತ್ತರದ ಕಟ್ಟೆ ಎಬ್ಬಿಸಬೇಕು. ಆಗ ಮಂಡಿ ನೋವಿನ ಅಜ್ಜಿಯರಿಗೂ ಗಾಲಿಕುರ್ಚಿಯಲ್ಲಿ ಬರುವವರಿಗೂ ಆ ಮೆಟ್ಟಿಲೇ ಅಡ್ಡಿ. ನೆಲಮಹಡಿ ಸಿಕ್ಕರೆ ಸ್ವಲ್ಪ ಬಾಡಿಗೆ ಹೆಚ್ಚಾದರೂ ನಾನು ಅದಕ್ಕೇ ಕೈ ಎತ್ತುತ್ತೇನೆ.

ಡ್ರೈನ್ ಪೈಪಿಗೆ ಮೀಟರಿಗೆ ಒಂದೆರಡು ಸೆಂಟಿಮೀಟರಿನಷ್ಟು ಇಳಿಜಾರು ಇರಲಿ. ಪ್ಲಂಬರು ತೊಂಬತ್ತು ಡಿಗ್ರಿಯ ಎಲ್ಬೋ ಹಾಕಲು ಬಂದರೆ ತಡೆದು, ನಲವತ್ತೈದರ ಎರಡು ಹಾಕಿಸಿ. ಆ ಮೂಲೆಯಲ್ಲೇ ಹತ್ತಿಯ ಉಂಡೆ, ಅಡಿಕೆ ಚೂರು, ಹಲ್ಲಿನ ಅಚ್ಚು ತೆಗೆಯುವ ಅಲ್ಜಿನೇಟ್ ಸೇರಿ ಕಟ್ಟಿಕೊಳ್ಳುವುದು. ಟೈಲ್ಸ್ ಕೂರಿಸುವ ಮುಂಚೆ ಪೈಪುಗಳು ಕಾಣುವಂತೆ, ಪಕ್ಕದಲ್ಲಿ ಟೇಪ್ ಇಟ್ಟು ಫೋಟೋ ತೆಗೆದಿಟ್ಟುಕೊಳ್ಳಿ. ಜಂಕ್ಷನ್ ಬಾಕ್ಸಿನ ಸಂದುಗಳನ್ನು ಜಾಲರಿ ಹಾಕಿ ಮುಚ್ಚಿಸಿ. ಪೇಟೆಯ ಹಳೇ ಕಟ್ಟಡಗಳಲ್ಲಿ ಗಾಳಿಯ ಟ್ಯೂಬು ಕಡಿಯುವ ಇಲಿಗಳಿಗೆ ಬರವಿಲ್ಲ.

ಗಾಳಿ

ಒಂದು ಏರೋಟರ್ ನಿಮಿಷಕ್ಕೆ ಸುಮಾರು 40ರಿಂದ 50 ಲೀಟರ್ ಗಾಳಿ ಕುಡಿಯುತ್ತದೆ. ಚೇರಿಗೆ 5ರಿಂದ 6 ಬಾರ್ ಒತ್ತಡ ಬರಬೇಕು, ಅಲ್ಲಿಂದ ಹ್ಯಾಂಡ್‌ಪೀಸಿಗೆ ಇಳಿಸಿ ಕೊಡುವುದು ಎರಡೂವರೆ ಬಾರ್ ಆಸುಪಾಸು. ಕಂಪ್ರೆಸರಿನ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಇರುವ ಲೀಟರ್ ಲೆಕ್ಕ ಪಿಸ್ಟನ್ ಎಷ್ಟು ಗಾಳಿ ಸರಿಸುತ್ತದೆ ಅನ್ನುವುದು. ನಿಮಗೆ ಬೇಕಾದದ್ದು 5 ಬಾರ್ ಒತ್ತಡದಲ್ಲಿ ಎಷ್ಟು ಹೊರಬರುತ್ತದೆ ಅನ್ನುವುದು. ಇವೆರಡರ ನಡುವೆ ಅರ್ಧದಷ್ಟು ವ್ಯತ್ಯಾಸವಿದ್ದರೂ ಅಚ್ಚರಿಯಿಲ್ಲ.

ಎಣ್ಣೆ ಇಲ್ಲದ, ಅಂದರೆ ಆಯಿಲ್ ಫ್ರೀ ಕಂಪ್ರೆಸರೇ ಆಗಲಿ. ಎಣ್ಣೆಯ ಹನಿ ಗಾಳಿಯಲ್ಲಿ ಬಂದರೆ ಎಚ್ ಮಾಡಿ (ಆಮ್ಲ ಹಚ್ಚಿ ಒರಟಾಗಿಸಿ) ಒಣಗಿಸಿದ ಹಲ್ಲಿನ ಮೇಲೆ ಕೂತು ಕಾಂಪೊಸಿಟ್, ಅಂದರೆ ಹಲ್ಲಿನ ಬಣ್ಣದ ಫಿಲ್ಲಿಂಗ್, ಅಂಟದಂತೆ ಮಾಡುತ್ತದೆ. ಕಾರವಾರ, ಉಡುಪಿ, ಮಂಗಳೂರಿನ ಕಡೆಯವರು ಏರ್ ಡ್ರೈಯರ್ ಇಲ್ಲದೆ ಕೊಳ್ಳಲೇಬೇಡಿ. ಮಳೆಗಾಲದ ಅಲ್ಲಿನ ಗಾಳಿಯಲ್ಲಿರುವ ತೇವವೆಲ್ಲ ಟ್ಯಾಂಕಿನಲ್ಲಿ ನೀರಾಗಿ ನಿಂತು, ತುಕ್ಕಿನ ಸಮೇತ ಹ್ಯಾಂಡ್‌ಪೀಸಿನ ಬೇರಿಂಗಿಗೆ ಬರುತ್ತದೆ. ಎಲ್ಲಿದ್ದವರಾದರೂ ದಿನಾ ಸಂಜೆ ಟ್ಯಾಂಕಿನ ಕೆಳಗಿನ ನಲ್ಲಿ ಬಿಚ್ಚಿ ನೀರು ಬಿಡುವುದನ್ನು ಸಿಬ್ಬಂದಿಗೆ ಅಭ್ಯಾಸ ಮಾಡಿಸಿ.

ಸಕ್ಷನ್ ಬಗ್ಗೆ ಕೇಳುವಾಗ ಒಂದೇ ಮಾತು ಸಾಕು: "ವೆಂಚುರಿನೋ, ಮೋಟಾರೋ?" ವೆಂಚುರಿ ಅಂದರೆ ಕಂಪ್ರೆಸರಿನ ಗಾಳಿಯನ್ನೇ ಬಳಸಿ ಎಳೆಯುವುದು. ಅಗ್ಗ, ಆದರೆ ಏರೋಟರ್ ತಿರುಗುವ ಹೊತ್ತಿನಲ್ಲೇ ಅದೂ ಗಾಳಿ ಕೇಳುತ್ತದೆ, ಎರಡೂ ಸೊರಗುತ್ತವೆ. ಡೆಮೋ ಹೊತ್ತಿನಲ್ಲಿ ಡೀಲರ್ ಒಂದೊಂದನ್ನೇ ಓಡಿಸಿ ತೋರಿಸುತ್ತಾರೆ. ನೀವು ಏರೋಟರ್, ದೊಡ್ಡ ಸಕ್ಷನ್, ಉಗುಳು ಎಳೆಯುವ ಸಣ್ಣ ಸಲೈವಾ ಇಜೆಕ್ಟರ್ ಮೂರನ್ನೂ ಒಟ್ಟಿಗೆ ಹಾಕಿಸಿ, ಒಂದು ಲೋಟ ನೀರನ್ನು ಸಕ್ಷನ್ನಿಗೆ ಕುಡಿಸಿ. ಎಷ್ಟು ಹೊತ್ತು ಹಿಡಿಯಿತು, ಆಗ ಏರೋಟರಿನ ಸದ್ದು ಇಳಿಯಿತೇ ಅನ್ನುವುದರಲ್ಲಿ ಉತ್ತರವಿದೆ. ಕ್ರೌನ್ ಪ್ರಿಪರೇಶನ್ (ಕ್ಯಾಪ್ ಕೂರಿಸಲು ಹಲ್ಲು ಸವೆಸುವುದು) ಹೆಚ್ಚು ಮಾಡುವವರು ಮೋಟಾರಿನ ಸಕ್ಷನ್ನಿಗೇ ದುಡ್ಡು ಹಾಕಿ.

ನೀರು

ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರನ್ನು ನೇರ ಚೇರಿಗೆ ಕೊಟ್ಟರೆ ಸೋಲೆನಾಯ್ಡ್ ವಾಲ್ವಿನಲ್ಲಿ (ಕರೆಂಟಿನಿಂದ ನೀರು ಬಿಡುವ, ತಡೆಯುವ ವಾಲ್ವು) ಬಿಳಿ ಉಪ್ಪು ಕಟ್ಟಿಕೊಂಡು ಮುಚ್ಚಿಕೊಳ್ಳುವುದು ಗ್ಯಾರಂಟಿ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಕಟ್ಟಡವೆಂದು ನೆಮ್ಮದಿಯಾಗಿರುವವರೂ ಬೇಸಿಗೆಯಲ್ಲಿ ಸಂಪಿನೊಳಕ್ಕೆ ಟ್ಯಾಂಕರ್ ನೀರು ಬೀಳುತ್ತದೆಯೇ ಎಂದು ವಿಚಾರಿಸಿ. ಇದಕ್ಕೆ ಪರಿಹಾರ, ಚೇರಿನಲ್ಲೇ ಪ್ರತ್ಯೇಕ ನೀರಿನ ಬಾಟಲಿಯ ವ್ಯವಸ್ಥೆ. ಹ್ಯಾಂಡ್‌ಪೀಸಿಗೆ, ಹಲ್ಲಿನ ಪಾಚಿ ತೆಗೆಯುವ ಸ್ಕೇಲರಿಗೆ, ನೀರು ಗಾಳಿ ಚಿಮ್ಮಿಸುವ ತ್ರೀ ವೇ ಸಿರಿಂಜಿಗೆ ಡಿಸ್ಟಿಲ್ಡ್ ನೀರೋ ಆರ್‌ಓ ನೀರೋ ಬಾಟಲಿಯಿಂದ ಹೋಗಲಿ. ಸ್ಪಿಟೂನ್ (ಉಗುಳುವ ಬಟ್ಟಲು) ತೊಳೆಯಲು ನಲ್ಲಿ ನೀರು ಸಾಕು.

ಬಾಟಲಿ ಇದ್ದ ಮಾತ್ರಕ್ಕೆ ನೀರು ಶುದ್ಧ ಅನ್ನುವ ಭ್ರಮೆ ಬೇಡ. ಚೇರಿನೊಳಗಿನ ಟ್ಯೂಬುಗಳು ಸಪೂರ, ರಾತ್ರಿಯೆಲ್ಲ ನೀರು ಅಲ್ಲೇ ನಿಲ್ಲುತ್ತದೆ, ಒಳಗೋಡೆಗೆ ಲೋಳೆಯಂತೆ ಸೂಕ್ಷ್ಮಜೀವಿಗಳ ಪದರ ಬೆಳೆಯುತ್ತದೆ. 2011ರಲ್ಲಿ ಇಟಲಿಯ 82 ವರ್ಷದ ಮಹಿಳೆಯೊಬ್ಬರು ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ ತೀರಿಕೊಂಡರು, ಮೂಲ ಹುಡುಕಿದಾಗ ಅದು ಹಲ್ಲಿನ ಕ್ಲಿನಿಕ್ಕಿನ ಚೇರಿನ ನೀರಿಗೆ ಹೋಗಿ ಮುಟ್ಟಿತು. 2016ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಹಾಲುಹಲ್ಲಿಗೆ ನರದ ಚಿಕಿತ್ಸೆ ಮಾಡಿಸಿಕೊಂಡ ಹಲವು ಮಕ್ಕಳಿಗೆ ಮೈಕೋಬ್ಯಾಕ್ಟೀರಿಯಂ ಸೋಂಕು ತಗುಲಿದ್ದೂ ನೀರಿನಿಂದಲೇ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹಾಕಿಕೊಟ್ಟ ಮಿತಿ, ಒಂದು ಮಿಲಿಲೀಟರಿನಲ್ಲಿ 500 ಬ್ಯಾಕ್ಟೀರಿಯಾ ಕಾಲೊನಿಗೆ ಮೀರಬಾರದು ಎಂದು. ಪ್ರತಿ ರೋಗಿಯ ನಂತರ 20–30 ಸೆಕೆಂಡು ಲೈನುಗಳಿಗೆ ನೀರು, ಗಾಳಿ ಬಿಡಬೇಕು ಎಂದೂ ಅದೇ ಹೇಳುತ್ತದೆ. ಹಾಗಾಗಿ ಕೊಳ್ಳುವಾಗ ಕೇಳಿ: ಲೈನಿಗೆ ಔಷಧಿ ಹಾಕಿ ತೊಳೆಯುವ ಕ್ರಮವೇನು, ಯಾವ ಔಷಧಿ ಹಾಕಿದರೆ ಟ್ಯೂಬು ಹಾಳಾಗುವುದಿಲ್ಲ, ಬಾಟಲಿ ಬಿಚ್ಚಿ ಒಣಗಿಸಲು ಬರುತ್ತದೆಯೇ.

ಇನ್ನೊಂದು ಸಣ್ಣ ಪರೀಕ್ಷೆಯಿದೆ. ಏರೋಟರನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪೆಡಲ್ ಒತ್ತಿ ಬಿಡಿ. ಬಿಟ್ಟ ಕ್ಷಣ ತುದಿಯ ಹನಿ ಅಲ್ಲೇ ತೂಗಿದರೆ ಒಳ್ಳೆಯದು. ಅದು ಸರ್ರನೆ ಒಳಕ್ಕೆ ಹೋದರೆ ಹಿಂದೆಳೆತ ತಡೆಯುವ ವಾಲ್ವು ಕೆಲಸ ಮಾಡುತ್ತಿಲ್ಲ, ಒಬ್ಬರ ಉಗುಳು ಟ್ಯೂಬಿನಲ್ಲಿ ಕೂತು ಇನ್ನೊಬ್ಬರ ಬಾಯಿಗೆ ಹೋಗುತ್ತದೆ.

ಕರೆಂಟ್, ಮೋಟಾರು

ಈಗ ಸಿಗುವ ಚೇರುಗಳಲ್ಲಿ ಹೆಚ್ಚಿನವು ಸಣ್ಣ ಮೋಟಾರಿನಿಂದ ಏರಿಳಿಯುವ ಎಲೆಕ್ಟ್ರೋ ಮೆಕ್ಯಾನಿಕಲ್ ಚೇರುಗಳು. ಹೈಡ್ರಾಲಿಕ್ ಚೇರು ಇನ್ನೂ ನಯವಾಗಿ ಚಲಿಸುತ್ತದೆ, ಹೆಚ್ಚು ಭಾರ ಎತ್ತುತ್ತದೆ, ಆದರೆ ವಯಸ್ಸಾದ ಮೇಲೆ ಎಣ್ಣೆ ಸೋರಿಸುತ್ತದೆ. ಊರಲ್ಲಿ ಅದರ ಸೀಲ್ ಬದಲಿಸಬಲ್ಲವರು ಇಲ್ಲದಿದ್ದರೆ ಮೋಟಾರಿನದೇ ವಾಸಿ. ಭಾರದ ಲೆಕ್ಕದಲ್ಲಿ ಅಂತರರಾಷ್ಟ್ರೀಯ ಮಾನದಂಡ ಕೇಳುವುದು ಕನಿಷ್ಠ 135 ಕೆ.ಜಿ.; ಅದಕ್ಕಿಂತ ಕಡಿಮೆ ಬರೆದಿರುವ ಚೇರಿನ ತಂಟೆಗೆ ಹೋಗಬೇಡಿ.

ಮಲೆನಾಡಿನ ಗುಡುಗು ಸಿಡಿಲು, ಬಯಲುಸೀಮೆಯ ಓಲ್ಟೇಜ್ ಏರಿಳಿತ, ಎರಡಕ್ಕೂ ಮೊದಲು ಬಲಿಯಾಗುವುದು ಚೇರಿನ ಸರ್ಕ್ಯೂಟ್ ಬೋರ್ಡು. ಸರಿಯಾದ ಅರ್ತಿಂಗ್, ಸ್ಟೆಬಿಲೈಸರ್, ಚೇರಿಗೇ ಬೇರೆ ಎಂಸಿಬಿ ಇವು ಖರ್ಚಿನ ಪಟ್ಟಿಯಲ್ಲಿ ಮೊದಲೇ ಇರಲಿ. ಡೆಮೋದಲ್ಲಿ ಒಬ್ಬರನ್ನು ಮಲಗಿಸಿ, ಚೇರನ್ನು ಮೇಲಕ್ಕೆ ಏರಿಸಿ, ಮೇನ್ ಸ್ವಿಚ್ ಆರಿಸಿ ನೋಡಿ. ಕರೆಂಟ್ ಹೋದಾಗ ಅಷ್ಟೆತ್ತರದಿಂದ ಒಬ್ಬ ವಯಸ್ಸಾದ ರೋಗಿಯನ್ನು ಹೇಗೆ ಇಳಿಸುತ್ತೀರಿ ಅನ್ನುವುದು ಆಗ ಗೊತ್ತಾಗುತ್ತದೆ. ಕಂಪ್ರೆಸರನ್ನು ಇನ್ವರ್ಟರಿಗೆ ಹಾಕುವ ಯೋಚನೆ ಇದ್ದರೆ ಅದು ಸ್ಟಾರ್ಟ್ ಆಗುವಾಗ ಎಳೆಯುವ ಕರೆಂಟ್ ಎಷ್ಟೆಂದು ಎಲೆಕ್ಟ್ರಿಷಿಯನ್ ಜೊತೆ ಮಾತಾಡಿ. ಓಡುವಾಗಿನ ಲೆಕ್ಕ ಹಿಡಿದು ಕೊಂಡ ಇನ್ವರ್ಟರ್ ಮೊದಲ ದಿನವೇ ಟ್ರಿಪ್ ಆಗುತ್ತದೆ.

ಈಗ ನೀವೇ ಕೂತು ನೋಡಿ, ಮಲಗಿ ನೋಡಿ

ಶೋರೂಮಿನಲ್ಲಿ ಹೆಚ್ಚಿನವರು ರೋಗಿಯ ಜಾಗದಲ್ಲಿ ಒಮ್ಮೆ ಒರಗಿ "ಚೆನ್ನಾಗಿದೆ" ಅಂದು ಎದ್ದುಬಿಡುತ್ತಾರೆ. ಅದು ಅರ್ಧ ಪರೀಕ್ಷೆ. ದಿನಕ್ಕೆ ಎಂಟು ಗಂಟೆ ಆ ಚೇರಿನ ಜೊತೆ ಇರುವವರು ನೀವು. ಜೊತೆಗೆ ಬಂದವರನ್ನು ಮಲಗಿಸಿ, ನೀವು ಸ್ಟೂಲಿನ ಮೇಲೆ ಕೂತು, ಭುಜ ಸಡಿಲ ಬಿಟ್ಟು ಮೊಣಕೈ ಮಡಚಿ. ಮಲಗಿದವರ ಬಾಯಿ ನಿಮ್ಮ ಮೊಣಕೈಯ ಮಟ್ಟಕ್ಕೆ ಬರಬೇಕು, ನಿಮ್ಮ ತೊಡೆ ಬ್ಯಾಕ್‌ರೆಸ್ಟಿನ ಅಡಿಗೆ ಸಲೀಸಾಗಿ ತೂರಬೇಕು. ಬ್ಯಾಕ್‌ರೆಸ್ಟ್ ದಪ್ಪವಿದ್ದಷ್ಟೂ ಮೇಲ್ನೋಟಕ್ಕೆ ರಾಜಗಾಂಭೀರ್ಯ, ನಿಮ್ಮ ಮಂಡಿಗೆ ಮಾತ್ರ ಜಾಗವಿಲ್ಲ. ಐದಡಿ ಎತ್ತರದ ಡಾಕ್ಟರುಗಳು ಚೇರು ಎಷ್ಟು ಮೇಲೇರುತ್ತದೆ ಅನ್ನುವುದನ್ನು ಬಿಟ್ಟು ಎಷ್ಟು ಕೆಳಗಿಳಿಯುತ್ತದೆ ಎಂದು ಅಳೆಯಿರಿ. ಸಾಕಷ್ಟು ಇಳಿಯದ ಚೇರಿನಲ್ಲಿ ಇಡೀ ದಿನ ಭುಜ ಎತ್ತಿಕೊಂಡೇ ಕೆಲಸ. ಕುಳ್ಳಗಿನ ರೋಗಿಗಳ ಪಾದ ನೆಲಕ್ಕೆ ಸಿಗುವುದೂ ಈ ಅಳತೆಯಿಂದಲೇ.

ಎಡಗೈ ಡಾಕ್ಟರುಗಳು ಎರಡೂ ಕಡೆಗೆ ಬದಲಾಗುವ ಮಾದರಿಯನ್ನೇ ಕೇಳಿ, ಆ ಬದಲಾವಣೆಯನ್ನು ಕಣ್ಣೆದುರೇ ಮಾಡಿಸಿ.

ಹೆಡ್‌ರೆಸ್ಟ್ ಎರಡು ಕಡೆ ಮಡಚುವಂತಿರಲಿ. ಗುಟ್ಕಾ, ಅಡಿಕೆ ಅಗಿದು ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದ ರೋಗಿಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಥವರ ಹಿಂದಿನ ದವಡೆ ಕಾಣಬೇಕಾದರೆ ತಲೆಯ ಕೋನ ಕೂದಲೆಳೆಯಷ್ಟು ಹೊಂದಿಸಬೇಕಾಗುತ್ತದೆ.

ನಂತರ ನೀವು ಮಲಗಿ, ಕಣ್ಣು ಮುಚ್ಚಿ, ಬೇರೆಯವರಿಗೆ ಪೆಡಲ್ ಒತ್ತಲು ಹೇಳಿ. ಶುರುವಿನಲ್ಲಿ, ನಿಲ್ಲುವಾಗ ಜರ್ಕ್ ಇದ್ದರೆ ಗೊತ್ತಾಗುತ್ತದೆ. "ಡಾಕ್ಟ್ರೇ, ಅಷ್ಟು ಹಿಂದಕ್ಕೆ ಬೇಡ, ತಲೆ ತಿರುಗ್ತದೆ" ಅನ್ನುವ ರೋಗಿಗೆ ಆ ಜರ್ಕ್ ಎಷ್ಟು ಗಾಬರಿ ತರುತ್ತದೆ ಎಂದು ಮಲಗಿದವರಿಗೇ ಗೊತ್ತು. ಇಂಜೆಕ್ಷನ್ ನೋಡಿ ತಲೆ ಸುತ್ತಿ ಬಿದ್ದವರನ್ನು ಒಂದೇ ಬಟನ್ನಿನಲ್ಲಿ ಮಟ್ಟಸ ಮಲಗಿಸಿ ಕಾಲು ಎತ್ತರಿಸಲು ಆಗುತ್ತದೆಯೇ ನೋಡಿ. ದಮ್ಮಿನವರು ಪೂರ್ತಿ ಮಲಗಲಾರರು. ತಿಂಗಳು ತುಂಬಿದ ಗರ್ಭಿಣಿಯರ ಬಲಸೊಂಟದ ಕೆಳಗೆ ಪುಟ್ಟ ದಿಂಬಿಟ್ಟು ಎಡಕ್ಕೆ ವಾಲಿಸಬೇಕು, ಅದಕ್ಕೆ ಸೀಟಿನಲ್ಲಿ ಅಗಲ ಬೇಕು.

ಟ್ರೇಯ ಮೇಲೆ ಸಲಕರಣೆಗಳನ್ನೆಲ್ಲ ಇಟ್ಟು, ತೋಳನ್ನು ಬೇಕಾದಲ್ಲಿಗೆ ಎಳೆದು ಕೈ ಬಿಡಿ. ತಾನಾಗಿ ಜಾರಿದರೆ ಬೇಡ. ಲೈಟಿಗೂ ಇದೇ ಪರೀಕ್ಷೆ. ಎಲ್‌ಇಡಿ ಲೈಟಿನಲ್ಲಿ ಲಕ್ಸ್ ಸಂಖ್ಯೆಯ ಪೈಪೋಟಿ ನಡೆಯುತ್ತದೆ. ಅದಕ್ಕಿಂತ ಮುಖ್ಯ, ಬೆಳಕು ಕಡಿಮೆ ಮಾಡಲು ಬರುವುದು ಮತ್ತು ಹಳದಿ ಮೋಡ್ ಇರುವುದು. ಕಾಂಪೊಸಿಟ್ ಗಟ್ಟಿಯಾಗುವುದು ನೀಲಿ ಬೆಳಕಿಗೆ. ಜೋರಾದ ಬಿಳಿ ಬೆಳಕಿನಲ್ಲಿ ಆ ನೀಲಿಯೂ ಇರುವುದರಿಂದ, ನೀವು ಆಕಾರ ಕೊಡುವ ಮುಂಚೆಯೇ ಅದು ಬಿರುಸಾಗತೊಡಗುತ್ತದೆ.

ಮೆತ್ತೆ, ಸ್ಪಿಟೂನ್, ಉಳಿದವು

ಹೊಲಿಗೆ ಕಡಿಮೆ ಇರುವ ಮೆತ್ತೆ ಆರಿಸಿ. ಹೊಲಿಗೆಯ ಸಂದಿಯಲ್ಲಿ ರಕ್ತ, ಉಗುಳು ಕೂರುತ್ತದೆ, ಸ್ಪಿರಿಟ್ ಹಾಕಿ ಒರೆಸಿ ಒರೆಸಿ ರೆಕ್ಸಿನ್ ಅಲ್ಲೇ ಬಿರಿಯುತ್ತದೆ. ಬಣ್ಣ ನಿಮ್ಮಿಷ್ಟ.

ಹೊರದೇಶದ ಕೆಲವು ಮಾದರಿಗಳಲ್ಲಿ ಸ್ಪಿಟೂನೇ ಇರುವುದಿಲ್ಲ. ನಮ್ಮಲ್ಲಿ ಅದು ನಡೆಯುವುದಿಲ್ಲ, ಉಗುಳದೆ ರೋಗಿಗೆ ಸಮಾಧಾನವಾಗದು. ಬಟ್ಟಲು ಬಿಚ್ಚಿ ತೊಳೆಯಲು ಬರುವ ಗಾಜಿನದೋ ಪಿಂಗಾಣಿಯದೋ ಇರಲಿ. ಕೆಳಗಿನ ಜಾಲರಿ ಸಹಾಯಕಿಯ ಕೈಗೆ ಸುಲಭವಾಗಿ ಸಿಗಬೇಕು. ಅಮಾಲ್ಗಂ (ಪಾದರಸ ಬೆರೆತ ಬೆಳ್ಳಿ ಫಿಲ್ಲಿಂಗ್) ಚೂರು ಡ್ರೈನಿಗೆ ಹೋಗದಂತೆ ಅಲ್ಲೇ ಹಿಡಿದು ಬೇರೆ ಡಬ್ಬಿಗೆ ಹಾಕಿ.

ಹ್ಯಾಂಡ್‌ಪೀಸ್ ಜೋಡಣೆ ಎರಡು ತೂತಿನದೋ ನಾಲ್ಕು ತೂತಿನದೋ ಎಂದು ಬರೆದುಕೊಳ್ಳಿ. ಎರಡು ತೂತಿನದಕ್ಕೆ ಇಂದಿಗೂ ಬೋರ್ಡನ್ ಎಂದೇ ಹೆಸರು. ಇದನ್ನು ನೋಡದೆ ಹ್ಯಾಂಡ್‌ಪೀಸ್ ತರಿಸಿದರೆ ಅಡಾಪ್ಟರ್ ಹುಡುಕಿಕೊಂಡು ಅಲೆಯಬೇಕು. ಟಿವಿ, ಮಸಾಜ್, ಕ್ಯಾಮೆರಾ ಪ್ಯಾಕೇಜಿನಲ್ಲಿ ಬಂದರೆ ಬರಲಿ. ಅದಕ್ಕೆಂದು ಒಂದು ರೂಪಾಯಿ ಹೆಚ್ಚು ಕೊಡಬೇಡಿ. ಆ ದುಡ್ಡಿಗೆ ಒಳ್ಳೆಯ ಡಾಕ್ಟರ್ ಸ್ಟೂಲ್ ಬರುತ್ತದೆ. ಚೇರಿನ ಜೊತೆ ಪುಕ್ಕಟೆ ಕೊಡುವ ಸ್ಟೂಲ್ ಸಾಮಾನ್ಯವಾಗಿ ಕೊಟ್ಟಷ್ಟಕ್ಕೇ ಲಾಯಕ್ಕು. ಎಕ್ಸ್‌ರೇ ಜೋಡಿಸುವವರು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಇ-ಲೋರಾ ಜಾಲತಾಣದಲ್ಲಿ ನೋಂದಣಿ ಮಾಡಿಸುವುದನ್ನು ಮರೆಯದಿರಿ.

ದರ ಮಾತಾಡುವ ಮುಂಚೆ ಒಂದು ಫೋನ್

ಬೆಂಗಳೂರಿನಲ್ಲೇ ಚೇರು ತಯಾರಿಸುವವರಿದ್ದಾರೆ, ದೆಹಲಿ, ಗುಜರಾತಿನ ಕಡೆಯಿಂದ ಬರುವವಿವೆ, ಚೀನಾದಿಂದ ಬಂದು ಇಲ್ಲಿ ಹೆಸರಿನ ಸ್ಟಿಕ್ಕರ್ ಅಂಟಿಸಿಕೊಳ್ಳುವವಿವೆ, ಜರ್ಮನಿ, ಜಪಾನ್, ಅಮೆರಿಕದ ದುಬಾರಿ ಚೇರುಗಳಿವೆ. ನಿಮ್ಮ ಊರಿಗೆ ಯಾವುದು ಸರಿ ಎನ್ನುವುದು ಎಂಜಿನಿಯರ್ ಎಷ್ಟು ದೂರದಲ್ಲಿದ್ದಾರೆ ಅನ್ನುವುದರ ಮೇಲಿದೆ. ಡೀಲರ್ ಕೊಡುವ ಪಟ್ಟಿಯಲ್ಲಿ ಹೊಸಬರನ್ನು ಬಿಟ್ಟು, ಅದೇ ಮಾದರಿಯನ್ನು ಮೂರು ವರ್ಷಕ್ಕೂ ಮೇಲ್ಪಟ್ಟು ಬಳಸಿದ, ನಿಮ್ಮ ಜಿಲ್ಲೆಯಲ್ಲೇ ಇರುವ ಡಾಕ್ಟರಿಗೆ ಫೋನ್ ಮಾಡಿ. "ಚೇರು ಹೇಗಿದೆ ಸರ್" ಎಂದು ಕೇಳಿದರೆ "ಪರವಾಗಿಲ್ಲ" ಅನ್ನುತ್ತಾರೆ. "ಕಳೆದ ಸಲ ಕೆಟ್ಟಾಗ ಎಷ್ಟು ದಿನ ಕ್ಲಿನಿಕ್ ನಿಂತಿತ್ತು ಸರ್" ಎಂದು ಕೇಳಿ, ಆಗ ಕಥೆ ಹೊರಬರುತ್ತದೆ.

ಕೊಟೇಶನ್ನಿನಲ್ಲಿ ಚೇರು, ಕಂಪ್ರೆಸರ್, ಸಕ್ಷನ್, ಲೈಟ್, ಸ್ಕೇಲರ್, ಸ್ಟೂಲ್ ಪ್ರತಿಯೊಂದರ ಮೇಕ್, ಮಾಡೆಲ್, ದರ ಬೇರೆ ಬೇರೆ ಬರೆಸಿ. "ಫುಲ್ ಸೆಟಪ್" ಎಂಬ ಒಂದೇ ಸಾಲಿನ ಬಿಲ್ಲು ಒಪ್ಪಬೇಡಿ. ಜಿಎಸ್‌ಟಿ, ಸಾಗಣೆ, ಇನ್‌ಸ್ಟಾಲೇಶನ್ ಸೇರಿದೆಯೋ ಇಲ್ಲವೋ ಕೇಳಿ. ವಾರಂಟಿಯಲ್ಲಿ ಬೋರ್ಡು, ಮೋಟಾರು ಸೇರಿದೆಯೇ, ಟ್ಯೂಬು, ಫುಟ್ ಕಂಟ್ರೋಲ್ ಹೊರಗಿದೆಯೇ ಎಂದು ಸಾಲು ಸಾಲಾಗಿ ಓದಿ. ಎಎಂಸಿಯಲ್ಲಿ (ವಾರ್ಷಿಕ ನಿರ್ವಹಣೆಯ ಒಪ್ಪಂದ) ಬಿಡಿಭಾಗ ಸೇರಿದ್ದಕ್ಕೂ ಬರೀ ಕೆಲಸದ ಕೂಲಿಗೂ ಅಜಗಜಾಂತರ. ಹಳೇ ಚೇರು ಕೊಳ್ಳುವುದೂ ತಪ್ಪಲ್ಲ, ಆ ಕಂಪನಿ ಇನ್ನೂ ಬಾಗಿಲು ತೆರೆದಿದೆಯೇ, ಬೋರ್ಡು ಸಿಗುತ್ತದೆಯೇ ಎಂದು ಮೊದಲು ಖಾತ್ರಿಯಾದರೆ.

ಚೇರು ಬರುವ ದಿನ ಬಾಗಿಲಿನ ಅಗಲ, ಮೆಟ್ಟಿಲಿನ ತಿರುವು ಎರಡನ್ನೂ ಅಳೆದಿಟ್ಟು, ಭಾರ ಹೊರಲು ನಾಲ್ಕೈದು ಜನರನ್ನು ಹೇಳಿಡಿ. ಕೂರಿಸಿದ ಮೇಲೆ ಮೇಲಿನ ಪರೀಕ್ಷೆಗಳನ್ನೆಲ್ಲ ನಿಮ್ಮ ಕ್ಲಿನಿಕ್ಕಿನ ಗಾಳಿ, ನಿಮ್ಮ ನೀರು, ನಿಮ್ಮ ಕರೆಂಟಿನಲ್ಲಿ ಇನ್ನೊಮ್ಮೆ ಮಾಡಿ, ಬಿಲ್ಲಿನ ಸೀರಿಯಲ್ ನಂಬರನ್ನು ಚೇರಿನ ಪಟ್ಟಿಯ ನಂಬರಿಗೆ ತಾಳೆ ನೋಡಿ. ಒಂದು ವಾರ ಎಲ್ಲ ಸರಿಯಾಗಿ ಓಡಿದ ಮೇಲೆ ಕೊಡುವುದೆಂದು ಹಣದಲ್ಲಿ ಒಂದು ಪಾಲು ಉಳಿಸಿಕೊಳ್ಳಿ, ಆ ಮಾತನ್ನು ಕೊಟೇಶನ್ನಿನಲ್ಲೇ ಬರೆಸಿರಿ.